ಕೊನೆಯ ಸಾಲಿಗೆ

ವಡಾಲದ ಮುನ್ಸಿಪಾಲ್ಟಿ ಶಾಲೆ, ಎರಡನೇ ಮಾಳಿಗೆ,
ಭಾನುವಾರ ಮೂರರಿಂದ ಆರು.
ಬೆಂಚುಗಳನ್ನು ಗೋಡೆಗೆ ಒತ್ತಿದರೆ
ಹದಿನೆಂಟಡಿ ರಂಗ ಸಿಗುತ್ತದೆ.
ಹಲಗೆಯ ಮೇಲೆ ಶನಿವಾರದ ಲಸಾವಿ ಹಾಗೇ ಇದೆ,
ಅಳಿಸಬೇಡಿ ಎಂದು ಮರಾಠಿಯಲ್ಲಿ ಬರೆದಿದ್ದಾರೆ.
ನಾವು ಅಳಿಸುವುದಿಲ್ಲ.

ನಾನು ಕಲಿಸುವುದು ಧ್ವನಿ.
ನಗಬೇಡಿ.
ಇಪ್ಪತ್ತೇಳು ವರ್ಷ ಸೈಡ್‌ವಿಂಗಿನ ಕತ್ತಲಲ್ಲಿ
ಟಾರ್ಚು ಹಿಡಿದು ಪಿಸುಗುಟ್ಟಿದವನು ನಾನು,
ರಾಜ ಮರೆತ ಮಾತನ್ನು
ರಾಜನಿಗೆ ಮಾತ್ರ ಕೇಳುವಷ್ಟು.
ಹಗಲು ಬ್ಯಾಂಕು, ರಾತ್ರಿ ಪ್ರಾಂಪ್ಟು.
ಒಮ್ಮೆಯೂ ಬೆಳಕಿಗೆ ಬಂದವನಲ್ಲ,
ಅವಸರಕ್ಕೆ ಪರದೆ ಎದ್ದು
ಒಂದು ಸಲ ನನ್ನ ಚಪ್ಪಲಿ ಕಂಡದ್ದು ಬಿಟ್ಟರೆ.

ಬರುವವರು ಹನ್ನೊಂದು ಜನ, ಒಮ್ಮೊಮ್ಮೆ ನಾಲ್ಕು.
ದಾಮು ಮೊಗವೀರ ಹೋಟೆಲಿನ ಪಾಳಿ ಮುಗಿಸಿ ಬರುತ್ತಾನೆ.
ದೊರೆಯಾಗಿ ನಿಂತರೂ ಅವನ ಬೆರಳುಗಳು
ನಾಲ್ಕು ಗ್ಲಾಸಿನ ಅಗಲಕ್ಕೆ ಬಿಚ್ಚಿಕೊಂಡೇ ಇರುತ್ತವೆ.
ನರ್ಸು ಫ್ಲೇವಿಯಾ ಕ್ರಾಸ್ತಾ ಅಳುವ ಪಾಠದಲ್ಲಿ ನಕ್ಕಳು:
ವಾರ್ಡಿನಲ್ಲಿ ಯಾರೂ ಹೀಗೆ ಅಳುವುದಿಲ್ಲ ಸಾರ್,
ಮೊದಲು ಬಿಲ್ಲೆಷ್ಟು ಅಂತ ಕೇಳ್ತಾರೆ.
ಬರೆದುಕೊಂಡೆ.

ಆಮೇಲೆ ಜಗದೇವಿ.
ಹಿರಿಯರು ಸೇಡಂ ಕಡೆಯವರು, ಇವಳು ಧಾರಾವಿಯವಳು.
ಹತ್ತು ಬೈ ಹತ್ತರ ಖೋಲಿ, ಆರು ಜನ,
ಅಪ್ಪನಿಗೆ ಇರುಳೆಲ್ಲ ವಾಚ್‌ಮನ್ ಕೆಲಸ.
ಕೊನೆಯ ಸಾಲಿಗೆ ಕೇಳಬೇಕು, ಎಂದೆ.
ಬಾಯಿ ತೆರೆದಳು.
ಮೂರನೇ ಬೆಂಚಿನ ತನಕವೂ ಬರಲಿಲ್ಲ ಮಾತು.
ಜೋರಾಗಿ.
ಇದಾ ಜೋರ್ ರೀ ಸರ.

ಹತ್ತೊಂಬತ್ತು ವರ್ಷ, ಒಮ್ಮೆಯೂ ಕೂಗಿಲ್ಲವಂತೆ.
ಅಪ್ಪ ಮಕ್ಕೊಂಡಿರ್ತಾನ್ರಿ. ಅಂವ ಎದ್ರ
ತಂಗಿ ಮಕ್ಕೊಂಡಿರ್ತಾಳ. ಅಕಿ ಎದ್ರ
ಬಾಜೂ ಖೋಲಿ ಮುದುಕಿ.
ಆ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲಿ.
ಹಾಲು ಉಕ್ಕಿದರೆ ಕೈಸನ್ನೆ.

ಹೊಕ್ಕುಳಿಂದ ಉಸಿರು, ಸಡಿಲ ದವಡೆ,
ನನಗೆ ಗೊತ್ತಿದ್ದದ್ದೆಲ್ಲ ಎರಡು ವಾರಕ್ಕೆ ಮುಗಿಯಿತು.
ಪಿಸುಗುಟ್ಟಿ ಬದುಕಿದವನು
ಪಿಸುಗುಟ್ಟಿ ಬೆಳೆದವಳಿಗೆ ಏನು ಹೇಳಿಕೊಟ್ಟಾನು?

ಕಿಟಕಿಯಾಚೆ ಹಾರ್ಬರ್ ಲೈನು.
ಸರಳು, ಸೀಮೆಸುಣ್ಣ, ನಮ್ಮ ಹಲ್ಲು
ಎಲ್ಲವನ್ನೂ ನಡುಗಿಸಿಕೊಂಡು ಹೋಗುತ್ತದೆ ಗಾಡಿ,
ಮಾತು ನಿಲ್ಲಿಸಿ ಕಾಯುವುದು ನಮ್ಮ ರೂಢಿ.
ಆ ದಿನ ಅವಳು ಕಾಯಲಿಲ್ಲ.
ಕಿಟಕಿಗೆ ಮುಖ ಕೊಟ್ಟಳು.
ಕುತ್ತಿಗೆಯ ನರ ಉಬ್ಬಿದ್ದು ಕಂಡೆ,
ಕಿರುನಾಲಗೆಯ ತನಕ ಬಾಯಿ ತೆರೆದದ್ದು ಕಂಡೆ,
ಕೇಳಿದ್ದು ಗಾಡಿ ಮಾತ್ರ.
ಹನ್ನೆರಡನೇ ಡಬ್ಬಿ ದಾಟಿದ್ದೇ ಬಾಯಿ ಮುಚ್ಚಿ
ಏನನ್ನೋ ಕದ್ದವಳಂತೆ ದುಪಟ್ಟಾ ಸರಿಮಾಡಿಕೊಂಡಳು.

ಅಲ್ಲಿಂದ ರೈಲ್ವೆ ಟೈಮ್‌ಟೇಬಲ್ಲೇ ನಮ್ಮ ಪಠ್ಯ.
ಮೂರೂ ಇಪ್ಪತ್ತೆರಡರದು, ಮೂರೂ ಮೂವತ್ತೊಂದರದು.
ಗಾಡಿಗೆ ಮೊದಲೇ ಉಸಿರು ತುಂಬಿಕೊಳ್ಳುವುದು ಕಲಿತಳು,
ಗಡಿಯಾರ ನೋಡಿ, ಒಂದು ಡಬ್ಬಿಯೂ ವ್ಯರ್ಥವಾಗದಂತೆ.
ಇಡೀ ಶ್ರಾವಣ ಅವಳು ಕೂಗಿದಳು.
ನಾವು ಯಾರೂ ಕೇಳಿರಲಿಲ್ಲ.

ಗಣಪತಿ ಮುಳುಗಿದ ಮರು ಭಾನುವಾರ
ಮೆಗಾಬ್ಲಾಕ್. ಬಸ್ಸು ಹಿಡಿದು ಬಂದಿದ್ದಳು ಪಾಪ,
ಗಾಡಿ ಇಲ್ಲವೆಂದು ಗೊತ್ತಿದ್ದೇ ಬಂದವಳು.
ಮರೆತಳೋ,
ಮರೆತಂತೆ ಮಾಡಿದಳೋ.
ಮೂರೂ ಇಪ್ಪತ್ತೆರಡಕ್ಕೆ ಎದ್ದು ನಿಂತು

ಬಾಗಿಲಾ ತಗೀರಿ!

ಪಾರಿವಾಳಗಳು ವೆಂಟಿಲೇಟರಿನಿಂದ ಹಾರಿದವು.
ದಾಮುವಿನ ಕೈ ಎದೆಗೆ ಹೋಯಿತು.
ಕೆಳಗೆ ಯಾರೋ ಸ್ಕೂಟರು ನಿಲ್ಲಿಸಿದರು.
ಅವಳೂ ತಿರುಗಿ ನೋಡಿದಳು,
ಹಿಂದೆ ಯಾರಿದ್ದಾರೆ ಎಂದು.

ಮುಂದಿನ ಮಾತು ಮರೆತಿತ್ತು.
ನನಗೆ ಬಾಯಿಪಾಠ. ತುಟಿ ತಾನಾಗಿ ತೆರೆದುಕೊಂಡಿತು,
ಇಪ್ಪತ್ತೇಳು ವರ್ಷದ ಅಭ್ಯಾಸ.
ಹಲ್ಲು ಕಚ್ಚಿ ಹಿಡಿದೆ.

ಹಳಿಗಳ ಮೇಲೆ ಬಿಸಿಲಿತ್ತು, ಗಾಡಿ ಇರಲಿಲ್ಲ.
ಎಲ್ಲರೂ ಕಾಯುತ್ತಿದ್ದೆವು.
ಅವಳು ಉಸಿರು ತುಂಬಿಕೊಂಡಳು.